ತೊಗಟೆ ಹಚ್ಚದ ಬಾಯಿ

ಅಲ್ಜೀರಿಯಾದ ಬೆನಿ ಸಾಫ್ ಬಂದರಿನ ಹೆಂಗಸರು ಒಬ್ಬರನ್ನೊಬ್ಬರು ಕಂಡಾಗ ಮುಖಕ್ಕಿಂತ ಮೊದಲು ಬಾಯಿ ನೋಡುತ್ತಾರೆ. ಅಕ್ರೋಟು ಮರದ ತೊಗಟೆ ಜಗಿದು ವಸಡನ್ನೂ ತುಟಿಯನ್ನೂ ಕೆಂಪಗೆ ಮಾಡಿಕೊಂಡಿದ್ದರೆ ಅವಳಿಗೆ ಗಂಡನಿದ್ದಾನೆ. ಗಂಡ ಸತ್ತವಳು ಕಾಡಿಗೆ, ಮದರಂಗಿ, ತೊಗಟೆ ಮೂರನ್ನೂ ಬಿಡಬೇಕು. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಖೈರಾ ಕಳೆದ ಚಳಿಗಾಲದಿಂದ ಒಂದು ಬೆಳಗೂ ತಪ್ಪಿಸದೆ ತೊಗಟೆ ಜಗಿಯುತ್ತಿದ್ದಳು. ಆ ಚಳಿಗಾಲದ ಬಿರುಗಾಳಿಯಲ್ಲಿ ಮುಳುಗಿದ ದೋಣಿಯಲ್ಲಿ ಇಬ್ಬರಿದ್ದರು. ಒಬ್ಬ ಅವಳ ಗಂಡ ಮಿಲೂದ್, ಇನ್ನೊಬ್ಬ ಪಕ್ಕದ ಮನೆಯ ಝೊಹ್ರಾಳ ಗಂಡ. ಝೊಹ್ರಾಳ ಗಂಡನ ಹೆಣ ದಡಕ್ಕೆ ಬಂತು, ಮಿಲೂದ್ ಬರಲಿಲ್ಲ. ಝೊಹ್ರಾ ಅಂದೇ ಬಾಯಿ ತೊಳೆದುಕೊಂಡಳು. ಖೈರಾ ತೊಳೆಯಲಿಲ್ಲ. ಯಾವುದಾದರೂ ಹಡಗು ಅವನನ್ನು ಎತ್ತಿಕೊಂಡಿರಬಹುದು, ಆಚೆ ದಡದ ಸ್ಪೇನಿನಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಹೆಸರು ಮರೆತು ಮಲಗಿರಬಹುದು. ಹೆಣವಿಲ್ಲದಿದ್ದರೂ ಪ್ರಾರ್ಥನೆ ಮಾಡಿಸಬಹುದಮ್ಮ ಎಂದು ಹೇಳಲು ಮಸೀದಿಯಿಂದ ಹಿರಿಯರು ಬಂದಾಗ ಅವಳು ವಾದಕ್ಕಿಳಿಯಲಿಲ್ಲ. ಕೆಂಪು ವಸಡು ಕಾಣುವಷ್ಟು ಬಾಯಿ ತೆರೆದು, ಚಹಾ ಕುಡಿದು ಹೋಗಿ ಎಂದಳು. ಅವರು ಚಹಾ ಕುಡಿದು ಹೋದರು. ಆ ಮನೆಯಲ್ಲಿ ಮಿಲೂದ್ ಬದುಕಿದ್ದುದು ಅವಳ ಬಾಯಿಯ ಬಣ್ಣದಲ್ಲಿ ಮಾತ್ರ.

ಜೋರಾಗಿ ಉಜ್ಜಿದಷ್ಟೂ ಬಣ್ಣ ಏರುತ್ತದೆಂದು ಅವಳು ಉಜ್ಜಿದ್ದೇ ಉಜ್ಜಿದ್ದು. ವಸಡು ಒಳಗೊಳಗೇ ಕೊಳೆಯುತ್ತಿತ್ತು. ಆದರೆ ಆ ಬಾಯಲ್ಲಿ ರಕ್ತ ಯಾವುದು, ಬಣ್ಣ ಯಾವುದು ಎಂದು ಯಾರು ಕಂಡರು? ಒಂದು ದಿನ ರೊಟ್ಟಿ ಕಚ್ಚಿದಾಗ ಮುಂದಿನ ಹಲ್ಲು ಅಲ್ಲಾಡಿತು, ರೊಟ್ಟಿಯ ತುಂಬ ರಕ್ತ. ಅತ್ತೆ ರಹ್ಮಾ ಕೆಂಡವಾದಳು.

"ಹಲ್ಲೆಲ್ಲ ಉದುರಿಸ್ಕೊಂಡು ಕೂತಿರು. ನನ್ನ ಮಗ ಬಂದು, ನನ್ನ ಹೆಂಡ್ತಿ ಎಲ್ಲಿ, ಈ ಅಜ್ಜಿ ಯಾರು ಅಂತ ಕೇಳ್ಲಿ. ನಾಳೇನೇ ತ್ಲೆಮ್ಸೆನ್‌ಗೆ ಹೋಗಿ ತೋರಿಸ್ಕೊಂಡು ಬಾ."

ತ್ಲೆಮ್ಸೆನ್‌ನ ದಂತವೈದ್ಯೆ ವಸಡಿನೊಳಗೆ ಸಣ್ಣ ಕಡ್ಡಿಯಿಟ್ಟು ನೋಡಿ ಹುಬ್ಬು ಗಂಟಿಕ್ಕಿದಳು.

"ಎಷ್ಟು ದಿನದಿಂದ ರಕ್ತ ಬರ್ತಿದೆ?"

"ಗೊತ್ತಿಲ್ಲ ಡಾಕ್ಟ್ರೇ. ಬಾಯಿ ಯಾವಾಗ್ಲೂ ಕೆಂಪಗೇ ಇರುತ್ತಲ್ಲ."

"ಚಾಕು ಹಾಕಲ್ಲ, ಹೆದರಬೇಡಿ. ಈ ಬಣ್ಣ ಎಲ್ಲ ಒರೆಸಿ, ಲೇಸರಲ್ಲೇ ಕೊಳೆತಿದ್ದನ್ನ ತೆಗೀತೀನಿ. ಆಮೇಲೆ ವಸಡು ತಾನಾಗೇ ಹಲ್ಲನ್ನ ಹಿಡ್ಕೋಬೇಕು. ಅಲ್ಲೀವರೆಗೆ ಅದನ್ನ ಕೆದಕಬೇಡಿ. ತಣ್ಣಗಿರೋದು, ಮೆತ್ತಗಿರೋದು ತಿನ್ನಿ. ಎರಡು ದಿನ ಮಾತು ಕಮ್ಮಿ. ನಾನು ಹೇಳೋವರೆಗೆ ತೊಗಟೆ ಬಾಯಿಗೆ ಹಾಕೋ ಹಾಗಿಲ್ಲ."

"ತೊಗಟೆ ಇಲ್ದೆ ನಾನು ಮನೆಯಿಂದ ಹೊರಗೆ ಹೋಗೋಕಾಗಲ್ಲ."

"ಲಿಪ್‌ಸ್ಟಿಕ್ ಹಚ್ಕೊಳ್ಳಿ."

ಪಟ್ಟಣದವರಿಗೆ ಎಲ್ಲವೂ ಸಲೀಸು. ಗಂಡ ಕಾಣೆಯಾಗಿರುವಾಗ ಲಿಪ್‌ಸ್ಟಿಕ್ ಹಚ್ಚಿ ಮೀನು ಮಾರುಕಟ್ಟೆಗೆ ಬಂದವಳನ್ನು ಬೆನಿ ಸಾಫಿನ ಹೆಂಗಸರು ಹುರಿದು ಮುಕ್ಕುತ್ತಾರೆ. ಖೈರಾ ಸುಮ್ಮನೆ ಬಾಯಿ ತೆರೆದಳು. ಮನೆಗೆ ಹೋಗಿ ಅತ್ತೆಗೆ ಹೇಳಿದರಾಯಿತು ಎಂದುಕೊಂಡಳು.

ಹೇಳಲಾಗಲಿಲ್ಲ. ಬಸ್ಸಿಳಿದು ಬಂದಾಗ ಅರ್ಧ ಮುಖ ಮರಗಟ್ಟಿತ್ತು, ನಾಲಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಅತ್ತೆ ಪ್ರಾರ್ಥನೆಗೆ ಕೂತಿದ್ದಳು. ಖೈರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಮಲಗುತ್ತೇನೆಂದು ಕೈಸನ್ನೆ ಮಾಡಿ ಒಳಗೆ ಹೋದಳು.

ಬೆಳಿಗ್ಗೆ ಎಚ್ಚರವಾದಾಗ ಅತ್ತೆ ಹಾಸಿಗೆಯ ಪಕ್ಕದಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಮುದುಕಿಯ ಗಲ್ಲ ನಡುಗುತ್ತಿತ್ತು. ಏನಾಯಿತೆಂದು ಖೈರಾ ಕೇಳುವ ಮೊದಲೇ ಅವಳು ತಿರುಗಿ ಹೊರಟುಹೋದಳು. ರೊಟ್ಟಿ ತರಲು ಹೋಗಿರಬೇಕೆಂದುಕೊಂಡು ಖೈರಾ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ತೊಳೆದಳು. ವಸಡಿನ ಮೇಲೆ ಬೆಳ್ಳಗಿನ ಪೊರೆ ಕಟ್ಟಿತ್ತು.

ಆಮೇಲೆ ಹೊರಗಿನಿಂದ ಅಳು ಕೇಳಿಸಿತು. ಒಬ್ಬಳದಲ್ಲ, ಇಡೀ ಓಣಿಯದು. ಅತ್ತೆಯನ್ನು ನಡುವೆ ಹಿಡಿದುಕೊಂಡು ಹೆಂಗಸರೆಲ್ಲ ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಝೊಹ್ರಾ, ಅವಳ ಕೈಯಲ್ಲಿ ಗೋಧಿ ರವೆಯ ಕುಸ್‌ಕುಸ್ ತುಂಬಿದ ದೊಡ್ಡ ತಟ್ಟೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ.

"ದೇವರು ನಿನ್ನ ದುಃಖಕ್ಕೆ ದೊಡ್ಡ ಫಲ ಕೊಡ್ಲಿ ಖೈರಾ" ಎಂದು ಝೊಹ್ರಾ ಅವಳನ್ನು ತಬ್ಬಿಕೊಂಡಳು. "ಒಳ್ಳೇದು ಮಾಡಿದೆ. ಎಷ್ಟು ದಿನ ಅಂತ ಗಂಟಲಲ್ಲಿ ಕಟ್ಕೊಂಡಿರ್ತೀಯ?"

ಖೈರಾ ಅಲ್ಲ ಅಲ್ಲ ಎಂದು ತಲೆಯಾಡಿಸಿದಳು. ಅಂಥ ಮನೆಯಲ್ಲಿ ಎಲ್ಲರೂ ಹಾಗೇ ತಲೆಯಾಡಿಸುತ್ತಾರೆ, ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಝೊಹ್ರಾಳ ಭುಜಕ್ಕೆ ಹಣೆ ತಗುಲಿತೋ ಇಲ್ಲವೋ, ಖೈರಾಳಿಗೂ ಅಳು ಒತ್ತರಿಸಿಕೊಂಡು ಬಂತು. ದೋಣಿ ಮುಳುಗಿದಾಗಿನಿಂದ ಅವಳು ಅತ್ತಿರಲಿಲ್ಲ. ಅತ್ತರೆ ಒಪ್ಪಿಕೊಂಡಂತೆ ಎಂದು ತಡೆದುಕೊಂಡಿದ್ದಳು. ಈಗ ಊದಿದ ಬಾಯಲ್ಲಿ, ಹೊಲಸು ಸದ್ದು ಮಾಡುತ್ತ, ಸಾಕಾಗುವಷ್ಟು ಅತ್ತಳು. ಆಮೇಲೆ ಕಷ್ಟಪಟ್ಟು ನಾಲಿಗೆ ತಿರುಗಿಸಿದಳು.

"ಡಾಕ್ಟ್ರು ಬೇಡ ಅಂದ್ರು ಅತ್ತೆ. ವಸಡಿಗೆ ಲೇಸರ್ ಹಾಕಿದಾರೆ. ವಾಸಿಯಾಗೋವರೆಗೆ ತೊಗಟೆ ಹಚ್ಚಬಾರದಂತೆ. ಅಷ್ಟೇ."

ಅಳು ನಿಂತಿತು. ಹೆಂಗಸರು ಅತ್ತೆಯ ಕಡೆ ನೋಡಿದರು. ಅತ್ತೆ ಸೊಸೆಯ ಬಾಯಿಯನ್ನು ತನ್ನ ಕೈಯಿಂದಲೇ ತೆರೆದು ನೋಡಿದಳು, ಪೊರೆ ಕಂಡಳು. ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದವರ ಮುಖ ನೋಡಲಾಗದು.

"ಎಲ್ರೂ ಎದ್ದೇಳಿ. ನನ್ನ ಮಗ ಸತ್ತಿಲ್ಲ, ಇವಳ ವಸಡು ಕೆಟ್ಟಿದೆ" ಎಂದಳು. "ಝೊಹ್ರಾ, ನಿನ್ನ ಕುಸ್‌ಕುಸ್ ವಾಪಸ್ ತಗೊಂಡ್ಹೋಗು. ಬೇಕಾದ ದಿನ ನಾನೇ ನಿನ್ನ ಕರೀತೀನಿ."

ಝೊಹ್ರಾ ತಟ್ಟೆ ಎತ್ತಿಕೊಂಡಳು. ಅವಳ ಬಿಳುಚಿದ ತುಟಿ ಬಿಗಿದುಕೊಂಡಿತ್ತು. ಎಲ್ಲರೂ ಹೋದ ಮೇಲೆ ರಹ್ಮಾ ಸೊಸೆಯ ಕಾಲ ಬುಡದಲ್ಲಿ ಕುಸಿದು ಕೂತಳು.

"ನಿಜ ಹೇಳ್ಲಾ ಮಗಳೇ? ಅವನು ಬರ್ತಾನೆ ಅಂತ ನಂಗೆ ಒಂದು ದಿನಾನೂ ಅನ್ಸಿಲ್ಲ. ಹೆತ್ತವಳು ನಾನು, ಗೊತ್ತಾಗುತ್ತೆ. ಆದ್ರೆ ದಿನಾ ಬೆಳಿಗ್ಗೆ ನಿನ್ನ ಬಾಯಿ ನೋಡ್ತಿದ್ದೆ. ಇವಳಿಗೆ ಏನೋ ಗೊತ್ತಿರ್ಬೇಕು, ಇಲ್ದಿದ್ರೆ ಇಷ್ಟು ಕೆಂಪಗೆ ಹಚ್ಕೊಳ್ಳಲ್ಲ ಅಂದ್ಕೊಂಡು ಎದ್ದು ಒಲೆ ಹಚ್ತಿದ್ದೆ."

ಖೈರಾಳಿಗೇನೂ ಗೊತ್ತಿರಲಿಲ್ಲ. ಮುದುಕಿಯ ಮುಖದ ಮೇಲಿನ ಧೈರ್ಯ ನೋಡಿ, ತಾಯಿಗೆ ಗೊತ್ತಿರುತ್ತದೆಂದು ಅವಳು ತೊಗಟೆ ಜಗಿಯುತ್ತಿದ್ದಳು. ಇಬ್ಬರೂ ಒಬ್ಬರಿಂದೊಬ್ಬರು ಸಾಲ ತಂದು ಬದುಕಿದ್ದರು, ಇಬ್ಬರ ಕೈಯೂ ಬರಿದಾಗಿತ್ತು. ಆದರೆ ಇದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅಂದಿನಿಂದ ಅತ್ತೆ ಆರೈಕೆಗೆ ನಿಂತಳು. ಹರೀರಾ ಸಾರು ಕಾಯಿಸಿ, ಸೋಸಿ, ಆರಿಸಿ ಕುಡಿಸಿದಳು. ಕಡಲೆಹಿಟ್ಟಿನ ಕರಂತಿಕಾವನ್ನು ಖಾರವಿಲ್ಲದೆ ಮಾಡಿ ಬೆಣ್ಣೆಯಂತೆ ಕಿವುಚಿ ತಿನ್ನಿಸಿದಳು. ಸಂತೆಗೆ ಹೋಗಿ ಹೊಸ ತೊಗಟೆ ತಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದಿನ ಬೆಳಗಾದರೆ ಸೊಸೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೋಗುವಳು.

"ಬಾಯಿ ತೆಗಿ. ಪೊರೆ ಹೋಯ್ತು ನೋಡು. ಇಲ್ಲೆಲ್ಲ ಎಷ್ಟು ಚೆನ್ನಾಗಿ ಹಿಡ್ಕೊಂಡಿದೆ. ಅವನು ಬರೋ ಹೊತ್ತಿಗೆ ಮದುಮಗಳ ಬಾಯಿ ಆಗಿರುತ್ತೆ."

ವಸಡು ಗುಲಾಬಿ ಬಣ್ಣಕ್ಕೆ ತಿರುಗಿತು. ಹಲ್ಲು ಅಲ್ಲಾಡುವುದು ನಿಂತಿತು. ಖೈರಾಳ ಒಳಗೆ ಮಾತ್ರ ಎಲ್ಲ ಸಡಿಲವಾಗುತ್ತ ಬಂತು. ಮೊದಲು ಬೆಳಿಗ್ಗೆ ಎದ್ದರೆ ಉಜ್ಜುವ ಕೆಲಸವಿತ್ತು, ನೋವಿತ್ತು, ಆ ನೋವಿನಲ್ಲಿ ಬೇರೇನೂ ಯೋಚಿಸಲು ಜಾಗವಿರಲಿಲ್ಲ. ಈಗ ಬಾಯಿ ನೋಯುವುದಿಲ್ಲ. ಕಿಟಕಿಯಾಚೆ ಸಮುದ್ರ ಕಾಣುತ್ತದೆ. ಮಿಲೂದ್ ಅದರಲ್ಲಿದ್ದಾನೆ, ಬೇರೆಲ್ಲೂ ಇಲ್ಲ. ಅವನು ಮೀನು ಬಿಡಿಸುವಾಗ ಮುಳ್ಳು ತೆಗೆದು ಅವಳ ಕಡೆ ತಳ್ಳುತ್ತಿದ್ದುದು ನೆನಪಾಗಿ, ಕೈಯಲ್ಲಿದ್ದ ಬಟ್ಟಲು ಕೆಳಗಿಡಲೂ ಆಗದೆ ನಿಂತುಬಿಡುತ್ತಿದ್ದಳು.

ಮತ್ತೆ ತ್ಲೆಮ್ಸೆನ್‌ಗೆ ಹೋದಾಗ ವೈದ್ಯೆ ಖುಷಿಪಟ್ಟಳು.

"ಪೂರ್ತಿ ವಾಸಿಯಾಗಿದೆ. ಇನ್ನು ತೊಗಟೆ ಹಚ್ಕೋಬಹುದು, ಮೆಲ್ಲಗೆ."

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿದ್ದಳು, ಸೆರಗಿನ ಗಂಟು ಅರ್ಧ ಬಿಚ್ಚಿಯಾಗಿತ್ತು.

"ಏನಂದ್ರು?"

"ಇನ್ನೂ ಬೇಡವಂತೆ ಅತ್ತೆ."

ರಹ್ಮಾ ಗಂಟು ಮತ್ತೆ ಬಿಗಿದಳು. ಮರುದಿನವೂ ಕಿಟಕಿಯ ಬಳಿ ಬಾಯಿ ನೋಡಿದಳು, ಅದರ ಮರುದಿನವೂ ನೋಡಿದಳು. ಎಲ್ಲಿಯೂ ಊತವಿಲ್ಲ, ಪೊರೆಯಿಲ್ಲ. ಅವಳಿಗೆ ತಾಳ್ಮೆ ಕೆಟ್ಟಿತು.

"ಆ ಡಾಕ್ಟರಮ್ಮನಿಗೆ ಕಣ್ಣು ಕಾಣುತ್ತೋ ಇಲ್ವೋ? ನಾನೇ ಹೋಗಿ ಕೇಳ್ತೀನಿ" ಎಂದು ಒಂದು ಬೆಳಿಗ್ಗೆ ಬಿಳಿ ಹೊದಿಕೆ ಹೊದ್ದು ಹೊರಟೇಬಿಟ್ಟಳು.

ಮೊಣಕಾಲು ನೋವಿನ ಮುದುಕಿ ಮೆಟ್ಟಿಲಿಳಿದು, ಬಸ್ಸು ಹತ್ತಿ, ಅಷ್ಟು ದೂರ ಹೋಗಿ ಆ ಮಾತನ್ನು ಪರರ ಬಾಯಿಂದ ಕೇಳುವುದು ಬೇಡವೆನಿಸಿತು ಖೈರಾಳಿಗೆ. ಓಡಿಹೋಗಿ ತೋಳು ಹಿಡಿದಳು.

"ಹೋಗ್ಬೇಡಿ ಅತ್ತೆ. ಅವರು ಅವತ್ತೇ ಹಚ್ಕೋ ಅಂದಿದ್ರು."

ರಹ್ಮಾ ತಿರುಗಿ ನೋಡಿದಳು. ಸೊಸೆಯ ಬಾಯಿಯನ್ನು, ಬಣ್ಣವಿಲ್ಲದ, ನೋವಿಲ್ಲದ, ವಾಸಿಯಾದ ಬಾಯಿಯನ್ನು ಬಹಳ ಹೊತ್ತು ನೋಡಿದಳು. ಹೊಸ್ತಿಲ ಮೇಲೆ ಮೆಲ್ಲಗೆ ಕೂತು, ಸೆರಗಿನ ಗಂಟು ಬಿಚ್ಚಿ ತೊಗಟೆಯನ್ನು ಪಕ್ಕಕ್ಕಿಟ್ಟಳು.

"ಝೊಹ್ರಾನ್ನ ಕರಿ" ಎಂದಳು.