ಹಿತ್ತಾಳೆ ಬಿರಡೆ

ಗುಂಡ್ಲುಪೇಟೆ ಮುಗಿದು ಚಾಮರಾಜನಗರದ ರಸ್ತೆ ಹಿಡಿಯುವ ಕಡೆ ಶಾಂತರಾಜುವಿನ ಶೆಡ್ಡಿತ್ತು. ಒಂದು ಕಾಲದಲ್ಲಿ ಬೆಳಗ್ಗೆ ಏಳಕ್ಕೇ ಅದರ ಮುಂದೆ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಕಾರ್ಬೊರೇಟರ್ ಬಿಚ್ಚಿ ತೊಳೆದು, ಬರೀ ಕಿವಿಯಿಂದ ಕೇಳಿ ಇಂಜಿನ್ನನ್ನು ಹದಕ್ಕೆ ತರುವುದರಲ್ಲಿ ಅವನಂಥವರು ನಂಜನಗೂಡಿನ ತನಕ ಇನ್ನೊಬ್ಬರಿರಲಿಲ್ಲ. ಆಮೇಲೆ ಬಂದ ಗಾಡಿಗಳಲ್ಲಿ ಕಾರ್ಬೊರೇಟರೇ ಇರಲಿಲ್ಲ. ಅವುಗಳ ರೋಗವನ್ನು ಲ್ಯಾಪ್‌ಟಾಪ್ ಹೇಳಬೇಕಿತ್ತು. ಒಬ್ಬೊಬ್ಬರಾಗಿ ಗಿರಾಕಿಗಳು ಶೋರೂಮಿನ ಕಡೆ ಹೊರಟುಹೋದರು. ಹೆಂಡತಿ ಭಾಗ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಮಲಗುವುದು. ಪಕ್ಕದ ಮಲಯಾಳಿಯ ಅಂಗಡಿಯಲ್ಲಿ ‘ಒಂದು ಟೀ’ ಎಂದದ್ದೇ ಇಡೀ ದಿನಕ್ಕೆ ಅವನು ಆಡಿದ ಮಾತಾಗಿರುತ್ತಿದ್ದ ದಿನಗಳೂ ಇದ್ದವು.

ಅಂಥ ಹೊತ್ತಿನಲ್ಲಿ ಗುರುಮಲ್ಲಮ್ಮ ಬಂದಳು. ತೆರಕಣಾಂಬಿಯವಳು, ಐವತ್ತರ ಹತ್ತಿರದ ಹೆಂಗಸು. ಇಪ್ಪತ್ತು ವರ್ಷ ಹಳೆಯ ಮಾರುತಿ ವ್ಯಾನಿನಲ್ಲಿ ನೈಟಿ, ಲಂಗ, ಮಕ್ಕಳ ಫ್ರಾಕು ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದಳು. ಗಂಡ ಹೋದ ಮೇಲೆ ವ್ಯಾನು ಓಡಿಸಲು ತಾನೇ ಕಲಿತಿದ್ದಳು.

“ಅಣ್ಣ, ನಿಲ್ಲಿಸಿದ್ರ ಇಂಜಿನ್ನೂ ನಿಂತೋಯ್ತದ. ಆಕ್ಸಿಲರೇಟರ್ ಮ್ಯಾಲಿಂದ ಕಾಲು ಎತ್ತಂಗಿಲ್ಲ,” ಅಂದಳು.

ಶಾಂತರಾಜು ಮುಂದಿನ ಸೀಟನ್ನು ಎತ್ತಿದ. ಆ ವ್ಯಾನಿನ ಇಂಜಿನ್ ಸೀಟಿನ ಕೆಳಗೇ ಇರುತ್ತದೆ. ಸುಸ್ಸೆಂದು ಗಾಳಿ ಎಳೆಯುವ ಸದ್ದು ಅವನ ಕಿವಿಗೆ ಕೂಡಲೇ ಸಿಕ್ಕಿತು. ಹಳೆಯ ಮಾಲೀಕ ಯಾರೋ ಏಸಿ ಕಿತ್ತುಹಾಕಿದ್ದ. ಅದಕ್ಕೆ ಹೋಗುತ್ತಿದ್ದ ಸಣ್ಣ ಪೈಪಿನ ಹಿತ್ತಾಳೆ ನಳಿಕೆ ಮಾತ್ರ ಕಾರ್ಬೊರೇಟರಿನ ಬುಡದಲ್ಲಿ ಬಾಯಿ ತೆರೆದುಕೊಂಡು ಉಳಿದಿತ್ತು. ಇಂಜಿನ್ ಆ ತೂತಿನಿಂದ ಬೇಡದ ಗಾಳಿ ಕುಡಿದು ಉಸಿರು ಕಟ್ಟಿಕೊಳ್ಳುತ್ತಿತ್ತು. ಶಾಂತರಾಜು ರಬ್ಬರ್ ಟೊಪ್ಪಿಯೊಂದನ್ನು ಹುಡುಕಿ ಅದಕ್ಕೆ ತೊಡಿಸಿದ. ಇಂಜಿನ್ ಸಮವಾಗಿ ಓಡತೊಡಗಿತು.

ಅವಳು ಟೀ ತರಿಸಿದಳು. ಸಂತೇಮರಹಳ್ಳಿ ಸಂತೆಯಲ್ಲಿ ಒಬ್ಬಾಕೆ ಒಂದೇ ನೈಟಿಯನ್ನು ಮೂರು ವಾರ ಬದಲಾಯಿಸಿಕೊಂಡು ಹೋಗಿ, ನಾಲ್ಕನೇ ವಾರ ಬೇಡವೇ ಬೇಡ ಎಂದ ಕತೆ ಹೇಳಿದಳು. ಶಾಂತರಾಜು ನಕ್ಕ. ತನ್ನ ನಗುವಿನ ಸದ್ದು ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂದಾಗ ಅವನಿಗೇ ಬೆರಗಾಯಿತು.

ಇಂಜಿನ್ನಿನ ಕಾವಿಗೆ ರಬ್ಬರ್ ಬಹಳ ದಿನ ತಾಳುವುದಿಲ್ಲ. ಒಂದೂವರೆ ತಿಂಗಳಿಗೆ ಟೊಪ್ಪಿ ಬಿರಿಯಿತು, ಅವಳು ಮತ್ತೆ ಬಂದಳು. ಅವನು ಮತ್ತೆ ರಬ್ಬರನ್ನೇ ಹಾಕಿದ. ಮತ್ತೆ ಟೀ, ಮತ್ತೆ ಸಂತೆಯ ಮಾತು. ಬರುಬರುತ್ತಾ ತನ್ನ ಮಾತನ್ನೂ ಆಡಿದಳು. ಗಂಡ ಆಸ್ಪತ್ರೆಯಲ್ಲಿದ್ದಾಗ ಅವನ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಹದಿನೇಳು ದಿನ ಕಾದದ್ದನ್ನು ಹೇಳಿದಳು. ಶಾಂತರಾಜು ಭಾಗ್ಯಳ ಬಗ್ಗೆ ಹೇಳಿದ. ನಾಲ್ಕು ವರ್ಷದಲ್ಲಿ ಅವಳ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ತೂತನ್ನು ಕಾಯಂ ಆಗಿ ಮುಚ್ಚುವುದು ಅವನಿಗೆ ಗೊತ್ತಿತ್ತು. ನಳಿಕೆಯ ಒಳಗೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ, ಅಂದರೆ ಥ್ರೆಡ್, ಕೊರೆದು, ಅಂಟು ಹಚ್ಚಿದ ಹಿತ್ತಾಳೆ ಸ್ಕ್ರೂವನ್ನು ಬಿರಡೆಯ ಹಾಗೆ ಕೂರಿಸಿದರೆ ವ್ಯಾನಿನ ಆಯಸ್ಸು ಮುಗಿದರೂ ಅದು ಅಲ್ಲಾಡುವುದಿಲ್ಲ. ಅರ್ಧ ದಿನದ ಕೆಲಸ. ಬೇಕಾದ ಸಾಮಾನೆಲ್ಲ ಪೆಟ್ಟಿಗೆಯಲ್ಲೇ ಇತ್ತು. ಪ್ರತಿ ಸಲವೂ ಅವನು ಆ ಪೆಟ್ಟಿಗೆಯನ್ನು ನೋಡುತ್ತಿದ್ದ, ಆಮೇಲೆ ರಬ್ಬರಿನ ಡಬ್ಬಿಗೆ ಕೈ ಹಾಕುತ್ತಿದ್ದ. ಬಿರಡೆ ಕೂತ ಮೇಲೆ ಅವಳು ಇತ್ತ ಯಾಕೆ ಬರುತ್ತಾಳೆ? ಅವಳಿಂದ ಟೊಪ್ಪಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲವಲ್ಲ, ಇದರಲ್ಲಿ ಮೋಸವೇನು ಬಂತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೀಗೆ ಒಂದು ವರ್ಷ ಕಳೆಯಿತು. ಆರನೇ ಟೊಪ್ಪಿಯೂ ಆಯಿತು, ಏಳನೆಯದೂ ಆಯಿತು.

ಬೇಸಿಗೆಯ ಒಂದು ಬೆಳಗ್ಗೆ ವ್ಯಾನು ಬಂದು ನಿಂತಿತು. ಗುರುಮಲ್ಲಮ್ಮ ಇಳಿದಳು. ಅವಳ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಮುಖ ಬಾಡಿತ್ತು.

“ಏನವ್ವ ಇದು, ಕೈಗ ಏನಾಯ್ತು?”

“ಸೀಟು ಎತ್ತಿ ನೋಡು, ಗೊತ್ತಾಯ್ತದ.”

ಎತ್ತಿ ನೋಡಿದ. ಬಿರಿದ ಟೊಪ್ಪಿ ಇರಲಿಲ್ಲ. ನಳಿಕೆಯ ಬಾಯಿಗೆ ಒಂದು ಪೆನ್ಸಿಲ್ ತುಂಡನ್ನು ಚೂಪು ಕಡೆಯಿಂದ ತುರುಕಲಾಗಿತ್ತು. ಅದಕ್ಕೆ ಸುತ್ತಿದ್ದ ಹೂವಿನ ಚಿತ್ತಾರದ ಬಟ್ಟೆ ಕಾವಿಗೆ ಕಂದಿತ್ತು.

ಅವಳು ನಿಂತುಕೊಂಡೇ ಹೇಳಿದಳು. ಹಿಂದಿನ ದಿನ ಪುಣಜನೂರಿನಾಚೆ ಕಾಡಿನ ಜನರ ಪೋಡುಗಳಿಗೆ, ಆ ಪುಟ್ಟ ಹಾಡಿಗಳಿಗೆ, ಬಟ್ಟೆ ಮಾರಲು ಹೋಗಿದ್ದಳು. ವಾಪಸು ಬರುವಾಗ ಸಂಜೆ ಐದು ಗಂಟೆ. ಕಾಡಿನ ತಿರುವಿನಲ್ಲಿ, ರಸ್ತೆಯ ನಡುವೆ ಮರಿಯ ಜೊತೆ ಆನೆ ನಿಂತಿತ್ತು. ಅವಳು ದೂರದಲ್ಲೇ ಬ್ರೇಕು ಹಾಕಿದಳು. ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಇಂಜಿನ್ ಆರಿತು. ಎಷ್ಟು ಸಲ ಕೀಲಿ ತಿರುಗಿಸಿದರೂ ಹತ್ತಲಿಲ್ಲ. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ.

“ಆನ ಸೊಂಡ್ಲು ಎತ್ತಿ ಇತ್ತಗೇ ನೋಡ್ತಾ ಅದ. ಇಳದು ಓಡನ ಅಂದ್ರ ಎಲ್ಲಿಗ ಓಡನ? ನೀನು ಯಾವಾಗ್ಲೂ ಮಾಡದ್ನ ನೋಡಿದ್ನಲ್ಲ, ಒಳಗ ಕುಂತೇ ಸೀಟು ಎತ್ತಿದೆ. ಟೊಪ್ಪಿ ಸೀಳೋಗಿತ್ತು. ಫ್ರಾಕು ಹರ್ದು ಪೆನ್ಸಿಲ್‌ಗ ಸುತ್ತಿ ತುರುಕದೆ. ಕೈ ಸುಟ್ಟೋದದ್ದೇ ಗೊತ್ತಾಗ್ನಿಲ್ಲ ಕಣಣ್ಣ. ಇಂಜಿನ್ ಹತ್ತಿ ಹಿಂದಕ್ಕ ತಕ್ಕಂಡ ಮ್ಯಾಲ ಅತ್ತುಬುಟ್ಟೆ.”

ಶಾಂತರಾಜು ಸ್ಟೂಲು ಎಳೆದುಕೊಟ್ಟ. ಅವಳು ಕೂರಲಿಲ್ಲ.

“ಇದ್ಕ ಕಾಯಂ ದಾರಿ ಇಲ್ವಾ ಅಣ್ಣ? ಎಷ್ಟು ದಿನ ಅಂತ ಈ ರಬ್ಬರು?”

ಇಲ್ಲ ಎಂದು ಹೇಳಬಹುದಿತ್ತು. ಇವತ್ತೇ ಹೊಳೆಯಿತು ಎಂದೂ ಹೇಳಬಹುದಿತ್ತು. ಅವಳ ಬೆರಳ ಮೇಲಿನ ಬಟ್ಟೆಯನ್ನು ನೋಡುತ್ತಾ ಅವನು, “ಅದ ಕಣವ್ವ,” ಅಂದ.

“ಯಾವತ್ತಿಂದ ಗೊತ್ತು?”

“ಮೊದಲ್ನೇ ದಿನದಿಂದ್ಲೂವೆ.”

ಗುರುಮಲ್ಲಮ್ಮ ಅವನ ಮುಖವನ್ನೇ ನೋಡಿದಳು. “ಮತ್ಯಾಕ ಮಾಡ್ನಿಲ್ಲ?”

“ಮಾಡ್ಬುಟ್ರ ನೀನು ಬರದು ನಿಂತೋಯ್ತದ ಅಂತ. ಇಲ್ಲಿ ಮಾತಾಡಕ ಇನ್ಯಾರೂ ಬರಲ್ಲ.”

ರಸ್ತೆಯಲ್ಲಿ ಕೇರಳದ ಲಾರಿಯೊಂದು ಸದ್ದು ಮಾಡುತ್ತಾ ಹೋಯಿತು.

“ನಿಂಗ ಮಾತು ಬೇಕಿದ್ರ ಕೇಳ್ಬೇಕಾಗಿತ್ತು,” ಅಂದಳು. ಅವಳ ದನಿ ಏರಲಿಲ್ಲ. “ಗಾಡಿ ಇಲ್ಲೇ ಇರ್ಲಿ. ಸರಿಯಾಗಿ ಮಾಡು.” ಬಸ್ಸು ಹತ್ತಿ ಹೊರಟುಹೋದಳು.

ಅವನು ಕಾರ್ಬೊರೇಟರನ್ನು ಪೂರಾ ಕಳಚಿದ. ಹಿತ್ತಾಳೆಯ ಪುಡಿ ಒಳಗೆ ಬಿದ್ದರೆ ಇಂಜಿನ್ನೇ ಹಾಳು, ಅದಕ್ಕೆ ಕೆಳಗಿನ ಬಾಯಿಗೆಲ್ಲ ಬಟ್ಟೆ ತುರುಕಿದ. ಥ್ರೆಡ್ ಕೊರೆಯುವ ಉಳಿಯಂಥ ಟ್ಯಾಪಿಗೆ ಗ್ರೀಸು ಮೆತ್ತಿ, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ನಳಿಕೆಯೊಳಗೆ ಥ್ರೆಡ್ ಹಾಕಿದ. ಸ್ಕ್ರೂಗೆ ಅಂಟು ಹಚ್ಚಿ, ಬಿಗಿಯಾಗುವ ತನಕ ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿ ಬಹಳ ದಿನವಾಗಿತ್ತು. ಮಾರನೇ ದಿನ ಇಂಜಿನ್ ಹಚ್ಚಿ, ಸ್ಕ್ರೂವಿನ ಸುತ್ತ ಸೋಪಿನ ನೀರು ಬಿಟ್ಟು, ಕಿವಿಯಿಟ್ಟು ಕೇಳಿದ. ಒಂದು ಹನಿಯನ್ನೂ ಅದು ಒಳಗೆ ಎಳೆಯಲಿಲ್ಲ. ಇಂಜಿನ್ ಅದೇ ಸಮದಲ್ಲಿ ಓಡುತ್ತಿತ್ತು. ಆಫ್ ಮಾಡಿದ ಮೇಲೆ ಶೆಡ್ಡು ತೀರಾ ಸುಮ್ಮನಾಯಿತು.

ಗುರುಮಲ್ಲಮ್ಮ ಬಂದು ಗಾಡಿ ತೆಗೆದುಕೊಂಡು ಹೋದಳು. ಟೀ ಕೇಳಲಿಲ್ಲ. ಅವನೂ ಕರೆಯುವ ಧೈರ್ಯ ಮಾಡಲಿಲ್ಲ.

ಅದಾದ ಮೇಲೆ ಮೂರು ತಿಂಗಳು ಅವಳು ಇತ್ತ ತಲೆಹಾಕಲಿಲ್ಲ. ವಾರಕ್ಕೊಮ್ಮೆ ಆ ವ್ಯಾನು ಶೆಡ್ಡಿನ ಮುಂದೆಯೇ ಹಾದುಹೋಗುತ್ತಿತ್ತು. ಅದರ ಸದ್ದಿನಲ್ಲಿ ಒಂದು ಕುಂದೂ ಇಲ್ಲವೆಂದು ಅವನಿಗೆ ಕೂತಲ್ಲಿಂದಲೇ ತಿಳಿಯುತ್ತಿತ್ತು. ಸಂತೋಷಪಡಬೇಕು ಎಂದುಕೊಳ್ಳುತ್ತಿದ್ದ. ಟೀ ಅಂಗಡಿಯವನು ಒಂದು ದಿನ, “ಆ ಸಂತೆಯಮ್ಮ ಈಗ ಬರೋದೇ ಇಲ್ಲ ಅಲ್ಲಾ?” ಎಂದು ಕೇಳಿದ. “ಗಾಡಿ ಸರಿಯಾಯ್ತು,” ಎಂದು ಹೇಳಿ ಶಾಂತರಾಜು ಲೋಟ ಇಟ್ಟು ಎದ್ದ.

ಶ್ರಾವಣದ ಒಂದು ದಿನ ಅವನು ಶೆಡ್ಡಿಗೆ ಬೀಗ ಹಾಕಿ, ಒಗೆದ ಶರ್ಟು ತೊಟ್ಟು ಬಸ್ಸು ಹತ್ತಿದ. ಚಾಮರಾಜನಗರದಲ್ಲಿ ಇಳಿದು ಸಂತೇಮರಹಳ್ಳಿಯ ಬಸ್ಸು ಹಿಡಿದ. ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂಕೋಸಿನ ರಾಶಿ, ಬೆಲ್ಲದ ಅಂಗಡಿ, ಹಗ್ಗ ಮಾರುವವರನ್ನೆಲ್ಲ ದಾಟಿದ ಮೇಲೆ ವ್ಯಾನು ಕಂಡಿತು. ಅದರ ಪಕ್ಕ ಟಾರ್ಪಾಲಿನ ಕೆಳಗೆ ಗುರುಮಲ್ಲಮ್ಮ ಐದಾರು ಹೆಂಗಸರ ನಡುವೆ ನಿಂತು ನೈಟಿ ಬಿಡಿಸಿ ತೋರಿಸುತ್ತಿದ್ದಳು. ಅವನನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು.

“ಗಾಡಿ ಹೆಂಗದವ್ವ?” ಎಂದು ಕೇಳಿದ.

“ಚೆಂದಾಗದ.”

“ಬೆರಳು?”

“ವಾಸಿಯಾಯ್ತು.”

ಬಸ್ಸಿನಲ್ಲಿ ಎರಡು ಗಂಟೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. “ತಪ್ಪಾಯ್ತು ಕಣವ್ವ,” ಎಂದಷ್ಟೇ ಅಂದ. ಗಿರಾಕಿಯೊಬ್ಬಳು ತಿರುಗಿ ನೋಡಿದಳು. ಗುರುಮಲ್ಲಮ್ಮ ಕೈಯಲ್ಲಿದ್ದ ನೈಟಿಯನ್ನು ಮಡಿಸಿಟ್ಟಳು.

ಅಷ್ಟರಲ್ಲಿ ಗಾಳಿ ಎದ್ದು ಟಾರ್ಪಾಲಿನ ಒಂದು ಮೂಲೆ ಹಾರಿತು. ಅವನು ಓಡಿಹೋಗಿ ಹಗ್ಗ ಹಿಡಿದ. ಕಟ್ಟಲು ಗೂಟವಿರಲಿಲ್ಲ, ಗಾಳಿಯ ಎಳೆತಕ್ಕೆ ಹಗ್ಗ ವ್ಯಾನಿನ ತನಕ ಎಟುಕುತ್ತಿರಲಿಲ್ಲ. ಗಾಳಿ ನಿಲ್ಲುವ ತನಕ, ಮುಕ್ಕಾಲು ಗಂಟೆ, ಹಿಡಿದುಕೊಂಡೇ ನಿಂತ. ಅವಳು ವ್ಯಾಪಾರ ಮಾಡಿದಳು. ನಡುವೆ ಒಮ್ಮೆ, ಬೇರೆ ಕಡೆ ನೋಡುತ್ತಾ, ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದಳು.

“ನಾಕು ಗಂಟಗ ಚಾಮರಾಜನಗರದ ಬಸ್ಸು ಅದ,” ಅಂದಳು. “ಅದು ಬುಟ್ರ ನಿಂತ್ಕಂಡೇ ಓಗ್ಬೇಕು.”

“ಬತ್ತೀನಿ ಹಂಗಾದ್ರ.”

ಅವಳು ತಲೆಯಾಡಿಸಿ ಗಿರಾಕಿಯ ಕಡೆ ತಿರುಗಿದಳು. ಶಾಂತರಾಜು ಹಗ್ಗವನ್ನು ವ್ಯಾನಿನ ಬಾಗಿಲಿನ ಹಿಡಿಗೆ ಬಿಗಿದು ಕಟ್ಟಿ, ಎರಡು ಸಲ ಎಳೆದು ನೋಡಿ, ಬಸ್ ನಿಲ್ದಾಣದ ಕಡೆ ನಡೆದ.