ಸೆಪ್ಟೆಂಬರಿನ ದಡ್ಡ

ದೊಡ್ಡ ತಂಡದಿಂದ ಕರೆ ಬಂದ ಗಳಿಗೆಯಲ್ಲಿ ಗಾರ್ನೆಟ್ ಲೈಸಾಕ್ ತನ್ನ ಮನೆಗೆ ಹೋಗುವ ದಾರಿ ಮರೆತು ನಿಂತಿದ್ದ.

ಕೆಸ್ಟ್ರೆಲ್ ಲೇಕ್ ಎಂಬುದು ಎಷ್ಟರ ಊರು ಹೇಳಿ? ಈ ಕಡೆ ನಿಂತು ಸೀನಿದರೆ ಆ ಕಡೆಯವರು ಬೆಚ್ಚಿಬೀಳುವಷ್ಟರದು. ಹನ್ನೊಂದು ವರ್ಷದಿಂದ ಅದೇ ಐಸ್ ಹಾಕಿ ರಿಂಕಿನಿಂದ ಅದೇ ಮನೆಗೆ ಗಾಡಿ ಓಡಿಸಿದವನು, ಆ ಗುರುವಾರ ಮಧ್ಯಾಹ್ನ ಗೋಧಿ ಗೋದಾಮಿನ ಹಿಂದೆ ಹಿಮದ ಬಯಲಿನ ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಎಡಕ್ಕೋ ಬಲಕ್ಕೋ ಎಂದು ಯೋಚಿಸುತ್ತಿದ್ದ. ಆಗ ಫೋನ್ ಬಡಿದುಕೊಂಡಿತು. ಕೋಚ್.

"ಲೈಸಿ, ಕೂತಿದ್ದೀಯೇನೋ? ಕೂತ್ಕೊಂಡೇ ಕೇಳು. ಮೇಲಿನ ಲೀಗಿನವರ ಡಿಫೆನ್ಸಲ್ಲಿ ಇಬ್ರು ಏಟು ತಿಂದು ಮಲಗ್ಬಿಟ್ಟಿದ್ದಾರೆ. ಶನಿವಾರದ ಆಟಕ್ಕೆ ನಿನ್ನನ್ನ ಕಳಿಸಿ ಅಂತಿದ್ದಾರೆ."

ಗಾರ್ನೆಟ್ ಗಾಡಿಯ ಇಂಜಿನ್ ಆರಿಸಿದ.

"ಲೋ, ಸತ್ತೋದ್ಯಾ? ಆದ್ರೆ ನಾಳೆ ಬೆಳಗ್ಗೆ ಡಾಕ್ಟ್ರ ಹತ್ರ ತಲೆ ಪರೀಕ್ಷೆ ಪಾಸಾಗ್ಬೇಕು. ಮಂಗಳವಾರ ಹೊಡೆತ ಬಿತ್ತಲ್ಲ, ಅದಕ್ಕೆ. ನಿಂಗೇನು ಹೊಸದಾ?"

ಹೊಸದಲ್ಲ. ಮೂವತ್ತೈದು ವರ್ಷ ವಯಸ್ಸು, ಹದಿನೈದು ವರ್ಷ ಸಣ್ಣ ಲೀಗುಗಳಲ್ಲಿ ಬಸ್ಸಿನ ಸೀಟಿನಲ್ಲೇ ನಿದ್ದೆ, ಬಾಯಿಯ ಮುಂಭಾಗದಲ್ಲಿ ತನ್ನದೆನ್ನುವ ಹಲ್ಲು ಎರಡೇ. ಅವನ ಕೈಕೆಳಗೆ ಪಳಗಿದ ಹುಡುಗರೆಲ್ಲ ಮೇಲಕ್ಕೆ ಹೋಗಿ ಹೆಸರು ಮಾಡಿದರು. ಇವನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಬಂತು. ಮೇಲಿನ ಲೀಗಿನಲ್ಲಿ ಒಂದು ಆಟವನ್ನೂ ಆಡಿಲ್ಲ. ಒಂದೇ ಒಂದು! ಅದೊಂದು ಆಗಿಬಿಟ್ಟರೆ ಮಾರನೆಯ ದಿನ ಸ್ಕೇಟುಗಳನ್ನು ಮೊಳೆಗೆ ನೇತುಹಾಕುತ್ತೇನೆ ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ್ದ.

ಮಂಗಳವಾರ ಆದದ್ದಿಷ್ಟು. ಗೋಲಿನ ಹಿಂದೆ ಪಕ್ ಎಂಬ ಆ ರಬ್ಬರ್ ಬಿಲ್ಲೆಯನ್ನು ತೆಗೆಯಲು ಬಗ್ಗಿದ್ದಾಗ ಎದುರಾಳಿಯೊಬ್ಬ ಓಡೋಡಿ ಬಂದು ಗುಮ್ಮಿದ, ಇವನ ತಲೆ ಅಂಗಳದ ಸುತ್ತಲಿನ ಗಾಜಿಗೆ ಬಡಿಯಿತು. ಎದ್ದ, ಆಟ ಮುಗಿಸಿದ, ಸ್ನಾನ ಮಾಡಿದ. ಆಮೇಲೆ ಒಂದೊಂದೇ ಶುರುವಾಯಿತು. ಕಾಫಿಗೆ ವಾಸನೆಯಿಲ್ಲ. ಅಡುಗೆಮನೆಯ ದೀಪ ಕಣ್ಣಿಗೆ ಚುಚ್ಚುತ್ತದೆ. ಈಗ ನೋಡಿದರೆ ಮನೆಯ ದಾರಿ.

ಕೊನೆಗೆ ಚರ್ಚಿನ ಈರುಳ್ಳಿ ಆಕಾರದ ಗುಮ್ಮಟ ಕಂಡು, ಅದರ ಜಾಡು ಹಿಡಿದು ಮನೆ ಸೇರಿದ. ಗುಮ್ಮಟ ಕಾಣದೆ ಹೋಗಿದ್ದರೆ ಎಂಬ ಯೋಚನೆಯನ್ನು ಗಾಡಿಯಲ್ಲೇ ಬಿಟ್ಟು ಇಳಿದ.

ಹೆಂಡತಿ ಮಾರ್ಲಿಸ್ ಶಾಲೆಯ ಬಸ್ಸು ಓಡಿಸುವವಳು. ಮೂವತ್ತು ಮಕ್ಕಳ ಗಲಾಟೆಯ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. ಸುದ್ದಿ ಕೇಳಿದವಳೇ ಬಾಣಲೆಯ ಸಮೇತ ಅವನನ್ನು ತಬ್ಬಿಕೊಂಡಳು. ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳನ್ನು ತಟ್ಟೆಗೆ ಸುರಿಯುತ್ತ ಕೇಳಿದಳು:

"ಸೆಪ್ಟೆಂಬರಲ್ಲಿ ಚೆನ್ನಾಗಿ ದಡ್ಡ ಆಗಿದ್ದೆ ತಾನೆ?"

"ದಡ್ಡತನಕ್ಕೆ ನಂಗೆ ಪದಕ ಕೊಡ್ಬೇಕು ಕಣೇ."

"ನಿಂಗ್ಯಾಕಪ್ಪ ನಟನೆ? ಹುಟ್ಟಿನಿಂದ ಬಂದಿರೋದಲ್ವಾ!"

ಇದು ಆಟಗಾರರ ಮನೆಗಳಲ್ಲಿ ಮಾತ್ರ ಆಡುವ ಮಾತು. ಸೀಸನ್ನಿಗೆ ಮುಂಚೆ, ಸೆಪ್ಟೆಂಬರಿನಲ್ಲಿ, ತಲೆ ನೆಟ್ಟಗಿರುವಾಗಲೇ ಡಾಕ್ಟರು ಎಲ್ಲರಿಗೂ ಪದ ನೆನಪಿಡುವ, ಗುಂಡಿ ಒತ್ತುವ ಒಂದು ಪರೀಕ್ಷೆ ಮಾಡಿ ಅಂಕ ಬರೆದಿಟ್ಟುಕೊಳ್ಳುತ್ತಾರೆ. ತಲೆಗೆ ಏಟು ಬಿದ್ದ ಮೇಲೆ ಅದೇ ಪರೀಕ್ಷೆ ಮತ್ತೊಮ್ಮೆ. ಅಂಕ ಕೆಳಗಿಳಿದರೆ ಸ್ಕೇಟು ಮುಟ್ಟುವಂತಿಲ್ಲ. ಅದಕ್ಕೇ ಹಳಬರು ಹೊಸಬರಿಗೆ ಕಲಿಸುವ ಮೊದಲ ವಿದ್ಯೆ ಇದು: ಸೆಪ್ಟೆಂಬರಿನಲ್ಲಿ ದಡ್ಡನಾಗು. ಮೂರು ಪದ ನೆನಪಿದ್ದರೆ ಒಂದನ್ನು ನುಂಗು, ಗುಂಡಿ ಒತ್ತುವ ಮುಂಚೆ ಮನಸ್ಸಿನಲ್ಲೇ ಒಂದು, ಎರಡು ಎಣಿಸು. ಗಾರ್ನೆಟ್ ಆ ವಿದ್ಯೆಯಲ್ಲಿ ಗುರು. ಎಷ್ಟು ಹುಡುಗರಿಗೆ ಹೇಳಿಕೊಟ್ಟಿದ್ದನೋ! ಹೋದ ಸೆಪ್ಟೆಂಬರಿನಲ್ಲಿ ಹನ್ನೆರಡು ಪದಗಳೂ ನಾಲಿಗೆಯ ತುದಿಯಲ್ಲಿದ್ದವು, ಏಳನ್ನು ಹೇಳಿ ಐದನ್ನು ನುಂಗಿ, ಪೆದ್ದುಪೆದ್ದಾಗಿ ತಲೆ ಕೆರೆದುಕೊಂಡು ಎದ್ದುಬಂದಿದ್ದ.

"ಗಾರ್ನೆಟ್, ಎಷ್ಟು ಸಲ ಉಪ್ಪು ಹಾಕ್ಕೋತೀಯ?"

"ಈಗ ತಾನೆ ಹಾಕ್ದೆ."

"ಮೂರನೇ ಸಲ." ಮಾರ್ಲಿಸ್‌ಳ ನಗು ಹೋಗಿತ್ತು. ಉಪ್ಪಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನೋಡು, ನಾನು ಅಡ್ಡ ಬರೋಳಲ್ಲ. ಹದಿನೈದು ವರ್ಷ ನಿನ್ನ ಜೊತೆ ನಾನೂ ಕಾದಿದ್ದೀನಿ. ನಾಳೆ ಒಂದು ಪದಾನೂ ನುಂಗ್ಬೇಡ, ನಿಯತ್ತಾಗಿ ಹೇಳು. ಹತ್ತು ದಾಟಿದ್ರೆ ಹೋಗು, ನಾನೇ ಬಂದು ಗಂಟಲು ಹರಿಯೋ ಹಾಗೆ ಕೂಗ್ತೀನಿ. ಏಳಕ್ಕೇ ನಿಂತ್ರೆ..."

"ನಿಂತ್ರೆ ಪಾಸು."

"ಪಾಸು ಡಾಕ್ಟ್ರಿಗೆ ಕಣೋ! ನಮಗಲ್ಲ. ಏಳಕ್ಕೇ ನಿಂತ್ರೆ ನಿನ್ನ ತಲೇಲಿ ಐದು ನಿಜವಾಗ್ಲೂ ಹೋಗಿದೆ ಅಂತ. ಆಗ ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ಇನ್ನೊಂದು ಏಟು ಬಿದ್ರೆ ನೀನು ನಂಗೆ ಉಳಿಯಲ್ಲ. ಹೇಳ್ತೀಯ ತಾನೆ?"

"ಹೇಳ್ತೀನಿ," ಎಂದ. ಆಗ ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ, ಪಾಪ.

ಶುಕ್ರವಾರ ಬೆಳಗ್ಗೆ ಡಾಕ್ಟರ್ ಇಸ್ಬಿಸ್ಟರ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹನ್ನೆರಡು ಪದ ಓದಿದರು. ಕೊಡಲಿ, ಸೇತುವೆ, ಬೆಣ್ಣೆ, ಕುದುರೆ, ಗಂಟೆ... ಗಾರ್ನೆಟ್ ಮೊಣಕಾಲನ್ನು ಬಿಗಿಯಾಗಿ ಹಿಡಿದು, ಒಂದೊಂದನ್ನೂ ಕಿವಿಗೊಟ್ಟು ಕೇಳಿ, ಎದೆಗೆ ಒತ್ತಿಕೊಂಡ. ನಡುವೆ ತಿಂಗಳುಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು, ಪರದೆಯ ಮೇಲೆ ಚೌಕ ಕಂಡಾಗ ಗುಂಡಿ ಒತ್ತಿಸಿದರು. ಅವನು ಒಂದು, ಎರಡು ಎಣಿಸಲಿಲ್ಲ.

"ಈಗ ಹೇಳಪ್ಪ, ಮೊದಲು ಓದಿದ ಪದಗಳು."

"ಕೊಡಲಿ. ಸೇತುವೆ. ಕುದುರೆ." ಒಂದೊಂದಾಗಿ ಇನ್ನು ನಾಲ್ಕು ಸಿಕ್ಕವು. ಆಮೇಲೆ ಕೈ ಹಾಕಿದಲ್ಲೆಲ್ಲ ಖಾಲಿ. ಅಲ್ಲಿ ಪದವೊಂದು ಇದ್ದು ಮರೆತುಹೋದಂತೆಯೂ ಅನಿಸಲಿಲ್ಲ, ಎಂದೂ ಏನೂ ಇರಲೇ ಇಲ್ಲವೆಂಬಂತಿತ್ತು. ದೇವರೇ, ಇನ್ನೊಂದು ಕೊಡು, ಒಂದಾದರೂ ಕೊಡು ಎಂದು ಬೇಡಿಕೊಂಡ. ಸಿಗಲಿಲ್ಲ.

ಡಾಕ್ಟರ್ ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರು. ಮುಖ ಅರಳಿತು.

"ಸೆಪ್ಟೆಂಬರಲ್ಲಿ ಏಳು, ಇವತ್ತೂ ಏಳು. ಗುಂಡಿ ಒತ್ತೋ ವೇಗಾನೂ ಅಷ್ಟೇ ಇದೆ. ಅಳತೆ ಇಟ್ಟು ಹೊಲಿದ ಹಾಗಿದೆ ಮಾರಾಯ! ನಿನ್ನ ತಲೆ ಕಲ್ಲು ಕಣಪ್ಪ, ಏನೂ ಆಗಿಲ್ಲ." ಸಹಿ ಹಾಕಲು ಪೆನ್ನು ತೆಗೆದವರು ತಡೆದರು. "ಬೇರೆ ಏನಾದ್ರೂ ಹೇಳೋದು ಉಂಟಾ?"

ನಾಲ್ಕು ಮಾತು ಆಡಿದ್ದರೆ ಮುಗಿಯುತ್ತಿತ್ತು. ಡಾಕ್ಟ್ರೇ, ಸೆಪ್ಟೆಂಬರಿನ ಏಳು ಸುಳ್ಳು, ಇವತ್ತಿನದು ನಿಜ. ಆಡಿದ್ದರೆ ಹದಿನೈದು ವರ್ಷದ ಕಾಯುವಿಕೆಗೂ ಅಲ್ಲೇ ಕೊನೆ. ಈ ವಯಸ್ಸಿನಲ್ಲಿ ಎರಡನೇ ಸಲ ಯಾರು ಕರೆಯುತ್ತಾರೆ? ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣುವ ಹೊತ್ತು ಬಂದಾಗ ತಟ್ಟೆ ಎಷ್ಟು ಚೆಂದ ಕಾಣುತ್ತದೆ ನೋಡಿ.

"ಏನೂ ಇಲ್ಲ ಡಾಕ್ಟ್ರೇ," ಎಂದ.

ಹೊರಗೆ ಬಂದು ಮಾರ್ಲಿಸ್‌ಗೆ ಫೋನ್ ಮಾಡಿದ.

"ಎಷ್ಟು?" ಎಂದಳು, ನಮಸ್ಕಾರವಿಲ್ಲ, ಏನಿಲ್ಲ.

"ಹನ್ನೊಂದು."

ಆ ಕಡೆಯಿಂದ ಬಂದ ಕೂಗಿಗೆ ಕಿವಿ ಕಿತ್ತುಹೋಗಬೇಕಿತ್ತು. ಕೂಗು ಅಳುವಾಯಿತು. "ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೋ ನಂಗೆ. ಏನೇನೋ ಅಂದ್ಕೊಂಡಿದ್ದೆ. ಹನ್ನೊಂದಾ? ನಿಜ ಹೇಳು."

"ನಿಜ."

ಅವಳಿಗೆ ಅವನು ಇದುವರೆಗೆ ಮೋಸ ಮಾಡಿದವನಲ್ಲ. ಫೋನ್ ಜೇಬಿಗೆ ಹಾಕಿಕೊಂಡ, ತನ್ನ ಮೇಲೆ ತನಗೇ ಅಸಹ್ಯವಾಯಿತು. ಒಂದೇ ಆಟ, ಅದಾದ ಮೇಲೆ ಕಾಲು ಹಿಡಿದುಕೊಂಡು ಹೇಳಿಬಿಡುತ್ತೇನೆ ಎಂದುಕೊಂಡ.

ಶನಿವಾರ ಸಂಜೆ ಮೇಲಿನ ಲೀಗಿನ ದೊಡ್ಡ ಅಂಗಳದ ಬಾಗಿಲಿನಲ್ಲಿ ಅವನ ಹೊಸ ತಂಡದ ನೀಲಿ ಅಂಗಿಯ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಗಾರ್ನೆಟ್. ಬಾಗಿಲು ತೆರೆದದ್ದೇ ಮಂಜುಗಡ್ಡೆಯ ನೆಲಕ್ಕೆ ಧುಮುಕಿ ಒಂದು ಸುತ್ತು ಹಾಕಿದ. ಹಿಂದೆ ಯಾರೂ ಬರಲಿಲ್ಲ. ಮೊದಲ ಆಟ ಆಡುವವನನ್ನು ಒಂಟಿಯಾಗಿ ಬಿಟ್ಟು ಉಳಿದವರು ಬಾಗಿಲಲ್ಲೇ ನಿಂತು ನಗುವುದು ಇಲ್ಲಿನ ಪದ್ಧತಿ. ಅದು ಅವನಿಗೆ ಗೊತ್ತು, ಇಷ್ಟು ವರ್ಷ ಕನಸು ಕಂಡದ್ದೇ ಆ ಸುತ್ತಿನದು. ಆದರೆ ಆ ಬೆಳಕಿನ ಕೆಳಗೆ ಎಲ್ಲವೂ ಅಳಿಸಿಹೋಯಿತು. ಎಲ್ಲಿ ಹೋದರು ಎಲ್ಲರೂ? ನಾನೊಬ್ಬನೇ ಯಾಕಿದ್ದೇನೆ? ಎರಡನೇ ಸುತ್ತು, ಮೂರನೇ ಸುತ್ತು. ಬಾಗಿಲಲ್ಲಿದ್ದವರ ನಗು ನಿಧಾನವಾಗಿ ನಿಂತಿತು.

"ಸಾಕು ಬಾರಯ್ಯ ತಾತಾ, ನಮಗೂ ಒಂಚೂರು ಬಿಡು," ಎಂದು ಯಾರೋ ಕೂಗಿ ಇಳಿದರು. ಎಲ್ಲರೂ ಇಳಿದರು. ಅವನಿಗೆ ಉಸಿರು ಬಂತು.

ಮೊದಲ ಅವಧಿ ಚೆನ್ನಾಗಿಯೇ ನಡೆಯಿತು. ಕಾಲುಗಳಿಗೆ ತಲೆಯ ಹಂಗಿರಲಿಲ್ಲ, ಅವು ತಾವೇ ಓಡಿದವು. ಬಂದ ಪಕ್‌ಗೆ ಮೈಯೊಡ್ಡಿ ಗೋಲು ತಪ್ಪಿಸಿದ, ಜನ ಅವನ ಹೆಸರು ಹಿಡಿದು ಕೂಗಿದರು. ಮೇಲಿನ ಸಾಲಿನಲ್ಲಿ ಮಾರ್ಲಿಸ್ ಕೆಂಪು ಟೋಪಿ ಬೀಸುತ್ತಿದ್ದಳು. ಇದಕ್ಕೆ ಏನನ್ನಾದರೂ ಕೊಡಬಹುದು ಎನಿಸಿತು.

ಎರಡನೇ ಅವಧಿಯಲ್ಲಿ ಮೂಲೆಯಲ್ಲಿ ಒಬ್ಬ ಬಂದು ಗುದ್ದಿದ. ದೊಡ್ಡ ಏಟೇನೂ ಅಲ್ಲ. ಇಂಥವು ವರ್ಷಕ್ಕೆ ಸಾವಿರ ತಿಂದಿದ್ದ. ಹೆಲ್ಮೆಟ್ಟು ಗಾಜಿಗೆ ತಾಕಿತು, ಅಷ್ಟೇ. ಎದ್ದು ನಿಂತ. ಆಟಗಾರರನ್ನು ಬದಲಾಯಿಸುವ ಹೊತ್ತು, ಬೆಂಚಿಗೆ ಹೋಗಬೇಕು ಎಂಬುದು ತಲೆಯಲ್ಲಿತ್ತು. ಹೋದ. ಕಟಕಟೆಯ ಪುಟ್ಟ ಬಾಗಿಲು ತೆರೆಯಿತು, ಒಳಗೆ ಹೋಗಿ ಉಸ್ಸೆಂದು ಕುಳಿತು ನೀರಿನ ಬಾಟಲಿ ತೆಗೆದುಕೊಂಡ.

ಅತ್ತಿತ್ತ ನೋಡಿದ. ಇವರೆಲ್ಲ ಬಿಳಿ ಅಂಗಿ ಯಾವಾಗ ತೊಟ್ಟರು?

ಪಕ್ಕದಲ್ಲಿದ್ದವನು ಎದುರಾಳಿ ತಂಡ ಹೊಡೆದಾಟಕ್ಕೆಂದೇ ಇಟ್ಟುಕೊಂಡ ಆಳು, ಮೂಗು ಮೂರು ಕಡೆ ಮುರಿದ ದೈತ್ಯ. ಆಟಕ್ಕೆ ಮುಂಚೆ ಇವನಿಗೆ "ನಿನ್ನ ಗೋರಿ ತೋಡಿಟ್ಟಿದ್ದೀನಿ ಮುದುಕ" ಎಂದು ಬೈದಿದ್ದವನು. ಈಗ ಕೈಗವಸು ಬಿಚ್ಚಿ ಗಾರ್ನೆಟ್‌ನ ತೋಳು ಹಿಡಿದುಕೊಂಡ.

"ಅಣ್ಣಾ, ಏಳ್ಬೇಡ. ಪರ್ವಾಗಿಲ್ಲ, ಇಲ್ಲೇ ಕೂತ್ಕೋ. ಡಾಕ್ಟ್ರು ಬರ್ತಾರೆ."

ಹದಿನೈದು ವರ್ಷದಲ್ಲಿ ಯಾವ ಎದುರಾಳಿಯೂ ಅವನೊಂದಿಗೆ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. ಗಾರ್ನೆಟ್‌ಗೆ ಭಯವಾಯಿತು. ಸೀಟಿ ಊದಿದರು, ಆಟ ನಿಂತಿತು. ಸಾವಿರಾರು ಜನ ಸದ್ದಿಲ್ಲದೆ ಎದ್ದು ನಿಂತರು.

ಮೆಟ್ಟಿಲುಗಳ ಮೇಲಿಂದ ಕೆಂಪು ಟೋಪಿಯ ಹೆಂಗಸೊಬ್ಬಳು ಜನರನ್ನು ತಳ್ಳಿಕೊಂಡು, ಅಳುತ್ತ, ಅವನ ಕಡೆಗೇ ಓಡಿಬರುತ್ತಿದ್ದಳು. ಪಾಪ, ಯಾರಿಗೆ ಏನಾಯಿತೋ ಎಂದು ಅವನು ಕತ್ತು ತಿರುಗಿಸಿ ತನ್ನ ಹಿಂದೆ ನೋಡಿದ.