ಬಾಣಂತಿ ಕೂದಲು

ಬಾಚಣಿಗೆ ಅರ್ಧಕ್ಕೇ ನಿಂತುಬಿಟ್ಟಿತು. ಉಚ್ಚಂಗೆಮ್ಮ ಎಳೆಯಲಿಲ್ಲ, ಬೆರಳು ಹಾಕಿ ಸಿಕ್ಕು ಬಿಡಿಸಿದಳು. ಸಿಕ್ಕಿನ ಜೊತೆ ಒಂದು ಹಿಡಿ ಕೂದಲೇ ಕೈಗೆ ಬಂತು.

"ಎಷ್ಟು ಬಂದ್ವಜ್ಜಿ?" ಚಂದ್ರಕ್ಕ ತಿರುಗದೆಯೇ ಕೇಳಿದಳು.

"ಎಲ್ಲಾ ಬಾಣಂತೇರಿಗೂ ಉದುರ್ತಾವೆ ಬಿಡೇ ಮಗ. ಕೂಸಿಗೆ ವರ್ಷ ತುಂಬೋದ್ರೊಳಗೆ ಮತ್ತೆ ಬರ್ತಾವೆ. ನೀನು ಹುಟ್ದಾಗ ನಿಮ್ಮವ್ವನ ನೆತ್ತಿನೂ ಹಿಂಗೇ ಆಗಿತ್ತು."

ಹರಿಯಬ್ಬೆಯ ಎಷ್ಟು ಮನೆಗಳಲ್ಲಿ ಈ ಮಾತು ಹೇಳಿದ್ದಳೋ ಸೂಲಗಿತ್ತಿ ಉಚ್ಚಂಗೆಮ್ಮನಿಗೇ ನೆನಪಿಲ್ಲ. ಅದು ಸುಳ್ಳಾಗಿರಲೂ ಇಲ್ಲ. ಬಸುರಿನಲ್ಲಿ ಉದುರದೆ ನಿಂತ ಕೂದಲೆಲ್ಲ ಹೆತ್ತ ಮೇಲೆ ಒಟ್ಟಿಗೇ ಹೋಗುವುದನ್ನು, ಹಣೆಯಂಚಿನಲ್ಲಿ ಗಿಡ್ಡಗೆ ಮತ್ತೆ ಹುಟ್ಟುವುದನ್ನು ಅವಳು ಕಂಡಿದ್ದಳು. ಬಸುರು ಒಂಬತ್ತು ತಿಂಗಳಾದಾಗ ಚಂದ್ರಕ್ಕನ ಜಡೆ ಅವಳ ಮುಷ್ಟಿಗೆ ಸಿಗುತ್ತಿರಲಿಲ್ಲ. ಈಗ ಕೂಸಿಗೆ ಐದು ತಿಂಗಳು. ನಾಡಿದ್ದು ಗಂಡ ಬೋರಣ್ಣ ಯಲ್ಲದಕೆರೆಯಿಂದ ಬಂದು ಇಬ್ಬರನ್ನೂ ಕರೆದೊಯ್ಯುವವನಿದ್ದ. ಅಷ್ಟರೊಳಗೆ ಮಗಳ ತಲೆಯನ್ನೊಂದು ಹದಕ್ಕೆ ತರಲೆಂದು ತಾಯಿ ನಿಂಗಕ್ಕ ಹೇಳಿಕಳಿಸಿದ್ದಳು.

ನೆತ್ತಿಗೆ ಹಾಕಿದ ಹರಳೆಣ್ಣೆ ಹಣೆಗಿಳಿಯಿತು. ಉಚ್ಚಂಗೆಮ್ಮ ಹೆಬ್ಬೆರಳಿನಿಂದ ಒರೆಸಿದಳು. ಬೆರಳಿಗೆ ನಾಲ್ಕೈದು ಸಣ್ಣ ಕೂದಲು ಅಂಟಿಕೊಂಡವು. ತಲೆಯವಲ್ಲ. ಚಂದ್ರಕ್ಕನ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಎರಡೂ ಹುಬ್ಬುಗಳ ಹೊರತುದಿ ನುಣ್ಣಗಾಗಿತ್ತು.

"ಕಂಕುಳಾಗೆ?" ದನಿ ತಗ್ಗಿಸಿ ಕೇಳಿದಳು.

"ಅಲ್ಲೂ ಇಲ್ಲಜ್ಜಿ. ಯಾವಾಗ್ಲೋ ಹೋದ್ವು."

ಹೊರಗೆ ಚೈತ್ರದ ಬಿಸಿಲಿಗೆ ನಾಯಿಗಳು ಬಾಯಿ ತೆರೆದು ಬಿದ್ದಿದ್ದವು. ಚಂದ್ರಕ್ಕ ಕಂಬಳಿ ಹೊದ್ದು ಕೂತಿದ್ದಳು. ಹೆತ್ತ ಲಾಗಾಯ್ತು ಒಂದು ತೊಟ್ಟು ಹಾಲು ಬಂದಿರಲಿಲ್ಲ. ಕೂಸು ಆಡಿನ ಹಾಲಿನಲ್ಲೇ ಬೆಳೆದಿತ್ತು. ಹಾಲಿಲ್ಲದ್ದಕ್ಕೆ ದೃಷ್ಟಿಯೆಂದೂ, ಚಳಿಗೆ ನಿತ್ರಾಣವೆಂದೂ ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟಿದ್ದವಳು ಉಚ್ಚಂಗೆಮ್ಮನೇ. ಅವೆಲ್ಲ ಈಗ ಒಂದೇ ಕಡೆಯಿಂದ ಬಂದಂತೆ ಕಂಡವು.

ಹೆರಿಗೆಯ ದಿನ ಕೂಸು ಬಂದ ಮೇಲೂ ಮಾಸು ಬೀಳದೆ ಹೊತ್ತು ಹೋಗಿತ್ತು. ನಿಂಗಕ್ಕನನ್ನು ನೀರು ಕಾಯಿಸಲು ಕಳಿಸಿ ಉಚ್ಚಂಗೆಮ್ಮ ಒಳಗೆ ಕೈ ಹಾಕಿ ಎಳೆದಿದ್ದಳು. ಆಮೇಲೆ ರಕ್ತ ನಿಲ್ಲಲೇ ಇಲ್ಲ. ಹುಡುಗಿಯ ಕಣ್ಣು ಮೇಲಕ್ಕೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಕೆಳಗಿಳಿದವು. ಅಷ್ಟು ರಕ್ತ ಹೋದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂದು ಧರ್ಮಪುರದ ತರಬೇತಿಯಲ್ಲಿ ನರ್ಸಮ್ಮ ಎರಡೆರಡು ಸಲ ಹೇಳಿದ್ದರು. ತನ್ನ ಕೈಯಲ್ಲಿ ಯಾರೂ ಸತ್ತಿಲ್ಲವೆಂಬ ಹೆಸರು ಹೋದೀತೆಂದು ಉಚ್ಚಂಗೆಮ್ಮ ಅಂಜಿದ್ದಳು. ರಕ್ತದಲ್ಲಿ ನೆಂದ ಮೂರು ಸೀರೆಗಳನ್ನು ತಿಪ್ಪೆಯಲ್ಲಿ ಹೂತು, "ಎಲ್ರಿಗೂ ಹೋದಂಗೆ ಹೋತು" ಎಂದುಬಿಟ್ಟಿದ್ದಳು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. "ನಿಂಗಿ, ನಾಳೆ ಮೊದಲ್ನೇ ಬಸ್ಸಿಗೆ ಹಿರಿಯೂರಿಗೆ ಹೋಗಾಣ."

"ಕೂದ್ಲು ಉದುರಿದ್ಕೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರ ದೊಡ್ಡವ್ವ? ನಾಡಿದ್ದು ಅಳಿಯ ಬರ್ತಾನೆ."

"ಬಂದ್ರೆ ಕಾಯ್ಲಿ."

ಮರುದಿನ ಹಿರಿಯೂರಿನ ಡಾಕ್ಟರಮ್ಮ ಚಂದ್ರಕ್ಕನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು.

"ಹೆರಿಗೇಲಿ ರಕ್ತ ಎಷ್ಟು ಹೋಯ್ತು?"

"ಎಲ್ರಿಗೂ ಹೋದಂಗೆ ಕಣ್ರಮ್ಮ," ಎಂದಳು ನಿಂಗಕ್ಕ. "ನಮ್ ದೊಡ್ಡವ್ವನೇ ಹೆರಿಗೆ ಮಾಡ್ಸಿದ್ದು."

ಕೂಸು ಉಚ್ಚಂಗೆಮ್ಮನ ತೊಡೆಯ ಮೇಲಿತ್ತು. ಸುಮ್ಮನಿದ್ದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ತಾಯಿ," ಎಂದಳು. "ಮೂರು ಸೀರೆ ನೆಂದು ಹೋದ್ವು. ಮಾಸು ನಾನೇ ಎಳ್ದೆ. ಎಚ್ರ ತಪ್ಪಿ ಬಿದ್ದಿದ್ಲು. ಯಾರ್ಗೂ ಹೇಳ್ಲಿಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಅಷ್ಟು ರಕ್ತ ಹೋದ್ರೆ ಕೆಲವರಿಗೆ ಮೆದುಳಿನ ಬುಡದಲ್ಲಿರೋ ಗ್ರಂಥಿ ಸತ್ತುಹೋಗುತ್ತೆ. ಹಾಲು, ಚಳಿ, ಕೂದಲು ಎಲ್ಲಾ ಅದರಿಂದಲೇ ಇರಬೇಕು. ಮಾತ್ರೆ ಇದೆ, ಆದ್ರೆ ಐದು ತಿಂಗಳು ತಡ ಆಗಿದೆ. ದಾವಣಗೆರೆಗೆ ಕರ್ಕೊಂಡು ಹೋಗಿ. ನಾಳೆ ಅಲ್ಲ, ಈಗಲೇ."

"ಕೂದ್ಲು ಬರ್ತಾವೇನ್ರಿ?" ಚಂದ್ರಕ್ಕ ಕೇಳಿದಳು.

ಡಾಕ್ಟರಮ್ಮ ಚೀಟಿ ಹರಿದು ನಿಂಗಕ್ಕನ ಕೈಗಿತ್ತರು.

ಬಸ್ ನಿಲ್ದಾಣದಲ್ಲಿ ನಿಂಗಕ್ಕ ಬಯ್ದಾಳೆಂದು ಉಚ್ಚಂಗೆಮ್ಮ ಕಾದಳು. ಬಯ್ದಿದ್ದರೂ ಆಗುತ್ತಿತ್ತು. ದಾವಣಗೆರೆ ದಾರಿಯ ದುರ್ಗದ ಬಸ್ಸು ಬಂದಾಗ ನಿಂಗಕ್ಕ ಉಚ್ಚಂಗೆಮ್ಮನ ತೋಳಿನಿಂದ ಕೂಸನ್ನು ಮೆಲ್ಲಗೆ ಬಿಡಿಸಿಕೊಂಡು, ಮಗಳನ್ನು ಹತ್ತಿಸಿ, ತಾನೂ ಹತ್ತಿದಳು.

ಉಚ್ಚಂಗೆಮ್ಮನೂ ಹತ್ತಿದಳು. ಹಿಂದೆ ಸೀಟುಗಳು ಖಾಲಿಯಿದ್ದವು. "ಕುಂತ್ಕಳಜ್ಜಿ," ಎಂದ ಕಂಡಕ್ಟರು. ಕಂಬಿ ಹಿಡಿದವಳು ಐಮಂಗಲ ದಾಟಿದರೂ ನಿಂತೇ ಇದ್ದಳು.